ಮಾಮನ ಕೈಗಾಗಿ ಒಂದು ಹ್ಯಾಂಡಲ್

ನನ್ನ ಅಕ್ಕನನ್ನು ನಮ್ಮ ಅವ್ವನ ಕಿರಿಯ ತಮ್ಮನಿಗೇ ಕೊಟ್ಟಿದ್ದರು. ಹಾಗಾಗಿ ಆತ ನನಗೆ ಮೊದಲು ಸೋದರಮಾವ, ಆಮೇಲೆ ಅಕ್ಕನ ಗಂಡ. ಮದುವೆಯಾದ ಮೇಲೂ ನಾನು ಮಾಮಾ ಎಂದೇ ಕರೆಯುತ್ತಿದ್ದೆ, ಆತ ನನ್ನನ್ನು ಅಳಿಯಾ ಎಂದೇ ಕೂಗುತ್ತಿದ್ದ. ಆಳಂದದ ಬಸ್ ಸ್ಟ್ಯಾಂಡಿನ ಎದುರು ಆತನ ಆಟೋ ನಿಲ್ಲುತ್ತಿತ್ತು. ಸಂತೆಗೆ ಬಂದ ಹೆಣ್ಣುಮಕ್ಕಳು, ಮೆಣಸಿನಕಾಯಿ ಚೀಲ, ಕೋಳಿ ಬುಟ್ಟಿ, ಎಲ್ಲವನ್ನೂ ತುಂಬಿಕೊಂಡು ಕಡಗಂಚಿಗೆ ಹೊಡೆಯುತ್ತಿದ್ದ. "ಕಡಗಂಚಿ, ಕಡಗಂಚೀ" ಎಂದು ಆತ ಕೂಗಿದರೆ ಬಸ್ಸಿನ ಕಂಡಕ್ಟರ್ ಕೂಡ ತಿರುಗಿ ನೋಡಬೇಕು, ಅಂಥ ದನಿ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಡಿಪ್ಲೊಮಾ ಮುಗಿಸಿ ಸೊಲ್ಲಾಪುರದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದೆ. ಬಕೆಟ್, ಸ್ಟೂಲ್, ಬ್ಯಾಟರಿ ಡಬ್ಬಿ ಇಂಥವೇ ನಮ್ಮ ಮಾಲು. ಆ ವರ್ಷ ಆಟೋ ತಯಾರಿಸುವ ಒಂದು ಕಂಪನಿಯಿಂದ ಬೇರೆಯದೇ ಕೆಲಸ ಬಂತು. ಮೂರು ಗಾಲಿಯ ಗಾಡಿಯ ಹ್ಯಾಂಡಲ್ ಪೂರ್ತಿ ಲೋಹದ್ದು. ಕೊಳವೆ ಕಬ್ಬಿಣ, ನಡುವಿನ ಮೈ ಎರಕದ್ದು, ಎಡಗಡೆ ಕ್ಲಚ್ಚು, ಗೇರು ಹೊರಳಿಸುವ ಹಿಡಿ, ಎಲ್ಲ ಸೇರಿ ಭಾರೀ ತೂಕ. ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಹಗುರಾಗಿ ಮಾಡಲು ಆದೀತೇ ಎಂದು ಅವರು ಕೇಳಿದ್ದರು. ನಮ್ಮ ಸಾಹೇಬರು ಆ ಕೆಲಸವನ್ನು ನನ್ನ ಮೇಜಿಗೆ ಹಾಕಿದರು.

ಆ ದೀಪಾವಳಿಗೆ ಆಳಂದಕ್ಕೆ ಹೋದಾಗ ಊಟಕ್ಕೆ ಕೂತಿದ್ದೆವು. ಮಾಮ ಖಡಕ್ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು ಮುರಿಯಲು ನೋಡಿದ. ಆಗಲಿಲ್ಲ. ರೊಟ್ಟಿ ಜಾರಿ ಪರಾತಕ್ಕೆ ಬಿತ್ತು. ಅಕ್ಕ ಏನೂ ಆಗದವಳಂತೆ ಅದನ್ನೆತ್ತಿ ಮುರಿದು ಆತನ ತಾಟಿಗೆ ಹಾಕಿದಳು. ಆಗ ನಾನು ಆತನ ಕೈ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು. ತೋಳಿನ ಚರ್ಮದ ಕೆಳಗೆ ಏನೋ ಸಣ್ಣಗೆ ಮಿಡುಕುತ್ತಿತ್ತು.

"ಯಾವಾಗಿಂದ ಹಿಂಗಾಗ್ಯಾದ ಮಾಮಾ?"

"ಬ್ಯಾಸಗಿಂದ. ಕ್ಲಚ್ಚು ಒತ್ತಿ ಒತ್ತಿ ನರ ಸೋತಾವ. ಅದೇನ್ ದೊಡ್ಡ ಮಾತು ಬಿಡು."

ಮರುದಿನ ಆತನ ಪಕ್ಕದಲ್ಲಿ ಕೂತು ಕಡಗಂಚಿಗೆ ಹೋದೆ. ಗೇರು ಬದಲಿಸುವಾಗ ಬೆರಳುಗಳಿಂದ ಆಗುತ್ತಿರಲಿಲ್ಲ, ಮೊಳಕೈ ಕೆಳಗಿನ ಭಾಗದಿಂದ ಹಿಡಿಯನ್ನು ಒತ್ತಿ ಹೊರಳಿಸುತ್ತಿದ್ದ. ತಗ್ಗು ಬಂದಾಗೆಲ್ಲ ಕಬ್ಬಿಣದ ನಡುಕ ಆತನ ಹೆಗಲತನಕ ಏರುವುದು ಕಣ್ಣಿಗೆ ಕಾಣುತ್ತಿತ್ತು.

ನಾನು ಆತನನ್ನು ಸೊಲ್ಲಾಪುರದ ದೊಡ್ಡ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಸುತ್ತಿಗೆಯಿಂದ ಮೊಳಕಾಲು ಬಡಿದು, ನಾಲಗೆ ಹೊರಗೆ ಹಾಕಿಸಿ, ಬಹಳ ಹೊತ್ತು ನೋಡಿದರು. ಇದು ದಣಿವಲ್ಲ, ನರದ ರೋಗ, ಔಷಧವಿಲ್ಲ, ಏರುತ್ತ ಹೋಗುತ್ತದೆ ಎಂದು ಮರೆಮಾಚದೆ ಹೇಳಿದರು. ಮಾಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಡಾಕ್ಟರ್ ಸಾಹೇಬ್ರ, ನಾ ಆಟೋ ಹೊಡೀಬಹುದೇನ್ರಿ?"

"ಕೈ ಕೇಳೋತನಕ ಹೊಡೀರಿ. ಆದ್ರ ಮಂದಿನ್ನ ಕುಂದ್ರಿಸಬ್ಯಾಡ್ರಿ."

ಅಂದಿನಿಂದ ಆತ ಸವಾರಿ ಬಿಟ್ಟ. ಸ್ಟ್ಯಾಂಡಿನ ಎದುರು ನಿಲ್ಲುವುದನ್ನೂ, ಕೂಗುವುದನ್ನೂ ಬಿಟ್ಟ. ಅಡತಿ ಅಂಗಡಿಗಳಿಂದ ಬೇಳೆ ಚೀಲ, ಹಿಂಡಿ ಚೀಲ ಸಾಗಿಸತೊಡಗಿದ. ಯಾಕೆ ಎಂದು ಕೇಳಿದವರಿಗೆ "ಮಂದಿ ಬಾಳ ಮಾತಾಡ್ತಾರ, ಚೀಲ ಸುಮ್ಮ ಕುಂದರ್ತಾವ" ಎನ್ನುತ್ತಿದ್ದ.

ನಾನು ಕಾರ್ಖಾನೆಗೆ ಬಂದು ನಕ್ಷೆಯ ಮುಂದೆ ಕೂತೆ. ಗಾಜಿನ ಎಳೆ ಬೆರೆಸಿದ ನೈಲಾನ್ ಗಟ್ಟಿ, ಆದರೆ ಹಗುರ. ಎಲ್ಲ ಕಡೆ ದಪ್ಪ ಬೇಕಿಲ್ಲ, ಒಳಗೆ ಅಡ್ಡಪಟ್ಟಿ ಕೊಟ್ಟರೆ ತೆಳುವಾದ ಗೋಡೆಯೂ ತಡೆಯುತ್ತದೆ. ಮುಂದಿನ ಗಾಲಿಯ ಕಂಬ ಕೂಡುವ ಕಡೆ ಮಾತ್ರ ಲೋಹದ ಬಳೆ ಕೂರಿಸಬೇಕು. ಇಷ್ಟು ಕಂಪನಿಯ ಕೆಲಸ. ಆದರೆ ಬರೆಯುತ್ತ ಬರೆಯುತ್ತ ಕ್ಲಚ್ಚಿನ ಲಿವರ್ ಹಿಡಿಗೆ ಹತ್ತಿರವಾಯಿತು. ಅದು ತಿರುಗುವ ಮೊಳೆಯನ್ನು ಸರಿಸಿ, ಕಡಿಮೆ ಬಲಕ್ಕೆ ಒತ್ತುವಂತೆ ಮಾಡಿದೆ. ಗೇರಿನ ಹಿಡಿಗೆ ಬದಿಯಲ್ಲಿ ಒಂದು ರೆಕ್ಕೆ ಕೊಟ್ಟೆ, ಬೆರಳು ಬಿಗಿಯದಿದ್ದರೂ ಅಂಗೈಯಿಂದ ತಳ್ಳಬಹುದು.

ಸಾಹೇಬರು ನಕ್ಷೆ ನೋಡಿ ಕನ್ನಡಕ ತೆಗೆದರು. ಮರಾಠಿ ಮನೆಮಾತಿನವರು, ನನ್ನೊಡನೆ ಮಾತ್ರ ಕನ್ನಡ.

"ಇದು ಯಾರ ಕೈ? ಸಾದಾ ಡ್ರೈವರಂದು ಅಲ್ಲ ಇದು."

ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಕಂಪನಿಗೆ ಕಳಿಸೋ ನಕ್ಷೆ ಬ್ಯಾರೆ ಮಾಡು. ಅಲ್ಯುಮಿನಿಯಂ ಅಚ್ಚು ಮಾಡಿಸೋಣ. ಅದರೊಳಗ ಒಂದು ಪೀಸ್ ಹೊಡದು, ನಿನ್ನ ಮಾಮಾನ ಲಿವರ್, ಹಿಡಿ ಬೇರೆ ಕಡದು ಕೂಡಿಸು" ಎಂದರು.

ಹಿಡಿಯ ಅಳತೆಗೆ ಆಳಂದಕ್ಕೆ ಹೋದೆ. ಅಕ್ಕ ಗೋಧಿ ಹಿಟ್ಟು ಗಟ್ಟಿಯಾಗಿ ನಾದಿ ಒಂದು ಕೋಲಿಗೆ ಸುತ್ತಿ ಕೊಟ್ಟಳು. ಮಾಮ ಅದನ್ನು ಎಡಗೈಯಲ್ಲಿ ತನ್ನಿಂದಾದಷ್ಟು ಹಿಡಿದ.

"ಇನ್ನಾ ಒತ್ತು ಮಾಮಾ."

"ಒತ್ತೇನಿ. ಇಷ್ಟss ಇದು."

ಹಿಟ್ಟಿನ ಮೇಲೆ ಬೆರಳಿನ ಗುರುತು ಮಗುವಿನದಷ್ಟೇ ಆಳ ಮೂಡಿತ್ತು. ಅಕ್ಕ ನಗಿಸಲೆಂದು "ಹೋಳಿಗಿ ಮಾಡೋ ಕಣಕ ಕೆಡಿಸಿದ್ರಿ ಇಬ್ರೂ" ಎಂದಳು. ಆಮೇಲೆ ಆಕೆಯೇ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಹ್ಯಾಂಡಲ್ ತಯಾರಾದಾಗ ಮಳೆಗಾಲ ಶುರುವಾಗಿತ್ತು. ಆಳಂದದ ಗ್ಯಾರೇಜಿನ ಮಿಸ್ತ್ರಿ, ಮಾಮನ ಹಳೆಯ ಗೆಳೆಯ, ಅದನ್ನು ಕೈಯಲ್ಲಿ ತೂಗಿ ನೋಡಿ, "ಅರೇ, ಇದು ಹ್ಯಾಂಡಲ್ ಏನ್ರಿ, ಹುಡುಗೂರ ಆಟಿಗಿ ಸಾಮಾನೇನ್ರಿ?" ಎಂದ. ಆದರೂ ಜೋಪಾನವಾಗಿ ಕೂಡಿಸಿದ. ಕೇಬಲ್ ಎಳೆದ, ಎಣ್ಣೆ ಬಿಟ್ಟ, ಎರಡು ಸಲ ತಾನೇ ಓಡಿಸಿ ತಂದು ನಿಲ್ಲಿಸಿದ. ಮಾಮ ಸೀಟಿನಲ್ಲಿ ಕೂತು ಕ್ಲಚ್ಚು ಒತ್ತಿದ. ಅದು ಒತ್ತಿತು. ಅಂಗೈಯಿಂದ ರೆಕ್ಕೆ ತಳ್ಳಿದ. ಗೇರು ಬಿತ್ತು. ದರ್ಗಾದ ರಸ್ತೆಯ ಕಡೆ ಹೊರಟವನು ತಿರುಗಿ ಬರುವಾಗ ಹಾರ್ನ್ ಬಾರಿಸುತ್ತಲೇ ಬಂದ.

"ಅಳಿಯಾ! ನಡುಕss ಇಲ್ಲಲೇ!" ಆ ಹಳೆಯ ದನಿಯಲ್ಲಿ ಕೂಗಿದ. ಮಿಸ್ತ್ರಿ ಕಣ್ಣೊರೆಸಿಕೊಂಡು, ಪೆಟ್ರೋಲ್ ವಾಸನೆ ಎಂದ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವ ರೂಢಿ. ಅಕ್ಕ ಯಾವಾಗಲೂ ಬಸ್ಸಿನಲ್ಲಿ ನೂಕಾಡಿಕೊಂಡು ನಮ್ಮೂರು ಕರಜಗಿಗೆ ಬರುತ್ತಿದ್ದಳು. ಮಾಮನ ಆಟೋ ಇದ್ದರೂ ಹಬ್ಬದ ದಿನ ಸವಾರಿ ಹೆಚ್ಚು, ಹೆಂಡತಿಗೆ ಜಾಗ ಇರುತ್ತಿರಲಿಲ್ಲ. ಆ ವರ್ಷ ಆತ ತಾನೇ ಬಿಟ್ಟುಬರುತ್ತೇನೆಂದ. ಡಾಕ್ಟರ್ ಹೇಳಿದ್ದನ್ನು ಅಕ್ಕ ನೆನಪಿಸಿದಳು.

"ಮಂದಿನ್ನ ಕುಂದ್ರಿಸಬ್ಯಾಡ ಅಂದಾರ. ನೀ ಏನ್ ಮಂದಿ ಏನ?"

ಅಕ್ಕ ನನ್ನತ್ತ ನೋಡಿದಳು. ಮಾಮನ ಕೈ ಸೋತರೆ ಹಿಡಿಯಲು ನಾನು ಪಕ್ಕದಲ್ಲೇ ಕೂರುತ್ತೇನೆಂದೆ. ಹೊಸ ಸೀರೆ ಉಟ್ಟು, ಜೋಳದ ಅಳ್ಳು, ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆಕೆ ಹಿಂದಿನ ಸೀಟಿನ ನಟ್ಟನಡುವೆ ಒಬ್ಬಳೇ ಕೂತಳು. ಮದುವೆಯ ದಿಬ್ಬಣದಲ್ಲೂ ಅಷ್ಟು ಜಾಗ ಸಿಕ್ಕಿರಲಿಲ್ಲ ಎಂದಳು. ಎರೆಯ ಹೊಲಗಳಲ್ಲಿ ತೊಗರಿ ಮೊಳಕಾಲೆತ್ತರ ಬಂದಿತ್ತು. ಮಾಮ ನಿಧಾನಕ್ಕೆ, ಎಲ್ಲ ತಗ್ಗು ತಪ್ಪಿಸುತ್ತ ಹೊಡೆದ. ಬೇಕೆಂದೇ ಆತ ಹಾದಿಯಲ್ಲಿ ಎರಡು ಕಡೆ ನಿಲ್ಲಿಸಿ, "ಬಾಯಾರೆ, ಎಲ್ಲಿಗಿ ಹೋಗಬೇಕ್ರಿ?" ಎಂದು ಕೇಳಿದ. ಅಕ್ಕ "ನಮ್ಮ ತವರಮನಿಗ್ರಿ, ಜಲ್ದಿ ಹೊಡೀರಿ" ಎಂದಳು. ನಾನು ಅವರಿಬ್ಬರ ನಗು ಕೇಳುತ್ತ ರಸ್ತೆ ನೋಡುತ್ತಿದ್ದೆ.

ಅಫಜಲಪುರದಲ್ಲಿ ಚಹಾಕ್ಕೆ ಇಳಿದೆವು. ಮಾಮ ಚಹಾ ಸುರಿದ ಬಸಿಯನ್ನು ಬಲಗೈಯಲ್ಲಿ ಎತ್ತಿದ. ಬಸಿ ಅರ್ಧಕ್ಕೆ ಬಂದು ನಡುಗಿ ಕೆಳಗಿಳಿಯಿತು. ಇನ್ನೊಮ್ಮೆ ಎತ್ತಿದ, ಚಹಾ ಅಂಗಿಯ ಮೇಲೆ ಚೆಲ್ಲಿತು. ಅದು ಬಲಗೈ. ಅದಕ್ಕೆ ಅಲ್ಲಿಯವರೆಗೆ ಏನೂ ಆಗಿರಲಿಲ್ಲ, ಅಥವಾ ಆಗಿಲ್ಲವೆಂದು ನಾವು ತಿಳಿದಿದ್ದೆವು. ನಾನು ಎಡಗೈಗೆಂದೇ ಎಲ್ಲ ಮಾಡಿದ್ದೆ. ಅಕ್ಕ ಬಸಿ ತೆಗೆದುಕೊಂಡು ಆತನ ತುಟಿಗೆ ಹಿಡಿದಳು. ಹೋಟೆಲಿನಲ್ಲಿದ್ದವರು ನೋಡುತ್ತಿದ್ದರು. ಆತ ಕಣ್ಣು ಮುಚ್ಚಿಕೊಂಡು ಕುಡಿದ. ಅಲ್ಲಿಂದ ಕರಜಗಿತನಕ ಗಾಡಿ ನಾನು ಹೊಡೆದೆ. ಹಿಂದೆ ಅಕ್ಕನ ಪಕ್ಕ ಮಾಮ ಕೂತಿದ್ದ. ಕಬ್ಬಿನ ಹೊಲಗಳು ಬಂದವು, ಊರು ಬಂತು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಗಳ ಮುಖ ನೋಡಿ, ತಮ್ಮನ ಮುಖ ನೋಡಿ, ಆರತಿ ತಟ್ಟೆ ಕೆಳಗಿಟ್ಟು ತಮ್ಮನ ಎರಡೂ ಕೈ ಹಿಡಿದುಕೊಂಡಳು.

ನಾನು ಮತ್ತೆ ಕಾರ್ಖಾನೆಗೆ ಹೋಗಿ ಬಲಗಡೆಯ ಎಕ್ಸಲರೇಟರ್ ಹಿಡಿಗೂ ರೆಕ್ಕೆ ಬರೆದೆ. ಸ್ಪ್ರಿಂಗ್ ಮೆತ್ತಗೆ ಮಾಡಿದೆ. ಇನ್ನೂ ಹಗುರಾದ ಲಿವರ್ ಕಡೆಸಿಕೊಂಡು ಆಳಂದಕ್ಕೆ ಹೋದೆ. ಮಾಮ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ, ತೊಡೆಯ ಮೇಲಿಡು ಎಂದ.

"ಅಳಿಯಾ, ನೀ ಅದನ್ನ ಹಗುರ ಮಾಡ್ಕೋತ ಹೊಂಟಿ. ಇದು ನನ್ನ ಕೈ ಕಸಗೋತ ಹೊಂಟದ. ನಿನ್ನಕಿಂತ ಇದರ ಓಟ ಜೋರದ. ಸಾಕು ಬಿಡು."

"ಇದೊಂದು ಹಾಕಿ ನೋಡೂಣು ಮಾಮಾ."

"ಬ್ಯಾಡ. ನೀ ಬಂದ್ರ ನನ್ನ ಜೋಡಿ ಕುಂದರು. ನಕ್ಷಿ ತರಬ್ಯಾಡ."

ಆಟೋ ಕೊಳ್ಳಲು ಜೇವರ್ಗಿಯಿಂದ ಒಬ್ಬ ಡ್ರೈವರ್ ಬಂದ. ಕೊಳಕೂರ ಹಾದಿಯಲ್ಲಿ ಸವಾರಿ ಹೊಡೆಯುವವನು, ಒಳ್ಳೆಯ ಮನುಷ್ಯ. ಗಾಡಿಯನ್ನೆಲ್ಲ ಮೆಚ್ಚಿಕೊಂಡ, ಹ್ಯಾಂಡಲ್ ಮಾತ್ರ ಬೇಡವೆಂದ. "ಬುರಾ ತಿಳೀಬ್ಯಾಡ್ರಿ. ಪ್ಲಾಸ್ಟಿಕ್ ನೋಡಿದ್ರ ಸವಾರಿ ಅಂಜ್ತಾವ್ರಿ. ಹಳೇದು ಇದ್ರ ಅದೇ ಹಾಕಿ ಕೊಡ್ರಿ." ಮಿಸ್ತ್ರಿ ತಾನು ಕೂಡಿಸಿದ್ದನ್ನು ತಾನೇ ಬಿಚ್ಚಿದ. ಮಾಮ ಕಟ್ಟೆಯ ಮೇಲೆ ಕೂತು ನೋಡಿದ. ಕಬ್ಬಿಣದ ಹ್ಯಾಂಡಲ್ ಬಿಗಿದಾದ ಮೇಲೆ ಆ ಡ್ರೈವರನನ್ನು ಹತ್ತಿರ ಕರೆದು, ಮೂರನೇ ಗೇರಿಗೆ ತುಸು ತಡೆಯುತ್ತದೆ, ಒತ್ತಾಯ ಮಾಡಬೇಡ, ಕಾಯ್ದರೆ ತಾನೇ ಬೀಳುತ್ತದೆ ಎಂದು ತಿಳಿಸಿಕೊಟ್ಟ. ಗಾಡಿ ಓಣಿ ತಿರುಗಿ ಮರೆಯಾಯಿತು. ಸದ್ದು ಪೂರ್ತಿ ಅಡಗುವವರೆಗೂ ಆತ ತಲೆ ಎತ್ತಲಿಲ್ಲ.

ಕಂಪನಿಗೆ ಕಳಿಸಿದ ಹ್ಯಾಂಡಲ್ಲಿನ ಕಥೆಯೂ ಹೆಚ್ಚೇನಿಲ್ಲ. ಬೇಸಿಗೆಯ ಕಾವಿಗೆ ಲೋಹದ ಬಳೆಯ ಸುತ್ತ ನೈಲಾನ್ ಸಡಿಲಾಗುತ್ತದೆ ಎಂದು ಹಿಂದಕ್ಕೆ ಬಂತು. ಎರಡು ಸಲ ತಿದ್ದಿ ಕಳಿಸಿದೆವು. ಮೂರನೆಯ ಸಲ ಅವರು ಉತ್ತರವನ್ನೇ ಬರೆಯಲಿಲ್ಲ.

ಮುಂದೆ ಮಾಮನ ಮಾತು ತೊದಲಿತು, ಆಮೇಲೆ ನಿಂತಿತು. ಬೆಳಗಿನ ಲಿಂಗಪೂಜೆಗೆ ಎಡ ಅಂಗೈ ಚಾಚಬೇಕು. ಅದು ನಿಲ್ಲುತ್ತಿರಲಿಲ್ಲವಾದ್ದರಿಂದ ಅಕ್ಕ ತನ್ನ ಅಂಗೈ ಅಡಿಗೆ ಕೊಟ್ಟು ಹಿಡಿಯುತ್ತಿದ್ದಳು. ಎರಡು ಕೈಗಳ ಮೇಲೆ ಒಂದು ಲಿಂಗ. ವಿಭೂತಿ ಧರಿಸಿ, ಬಿಲ್ವಪತ್ರೆ ಏರಿಸಿ, ಪೂಜೆ ಮುಗಿಯುವವರೆಗೂ ಆಕೆಯ ತೋಳು ಅಲುಗುತ್ತಿರಲಿಲ್ಲ. ಬಂದಾಗೆಲ್ಲ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಆತ ಕಣ್ಣಿನಿಂದ ಬಾ ಎನ್ನುತ್ತಿದ್ದ, ಕಣ್ಣಿನಿಂದಲೇ ಹೋಗು ಎನ್ನುತ್ತಿದ್ದ.

ಮರುವರ್ಷ ತೊಗರಿ ರಾಶಿಯ ಹೊತ್ತಿಗೆ ಆತ ಹೋದ. ಸಮಾಧಿಗೆ ಕೂರಿಸುವಾಗ ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಲು ನೋಡಿದರು. ಬೆರಳು ಮತ್ತೆ ಮತ್ತೆ ಬಿಚ್ಚಿಕೊಂಡವು. ಅಕ್ಕ ಮುಂದೆ ಬಂದು, "ತಡೀರಿ ಅಪ್ಪಾರೆ, ಹಂಗಲ್ಲ, ನಾ ಹಿಡಿಸ್ತೇನಿ" ಎಂದು ಒಂದೊಂದೇ ಬೆರಳನ್ನು ಮೆಲ್ಲಗೆ ಮಡಚಿ, ಮೇಲೆ ತನ್ನ ಕೈಯಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದಳು. ಅಲ್ಲಿ ಅಷ್ಟು ಜನರಿದ್ದರೂ ಯಾರೂ ಅವಸರ ಮಾಡಲಿಲ್ಲ.

ಕಾರ್ಯ ಮುಗಿಸಿ ಸೊಲ್ಲಾಪುರಕ್ಕೆ ಮರಳಿದಾಗ ನನ್ನ ಮೇಜಿನ ಮೇಲೆ ಹೊಸ ಬಕೆಟ್ಟಿನ ಅಳತೆ ಕಾದಿತ್ತು. ಸಾಹೇಬರು ಬಂದು ಎದುರಿಗೆ ಕೂತರು. ಅವರೇ ಪೆನ್ಸಿಲ್ ಕೆತ್ತಿ ನನ್ನ ಮುಂದಿಟ್ಟರು. ಮಧ್ಯಾಹ್ನದ ತನಕ ಹಾಳೆಯ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ಸಂಜೆ ಹೊತ್ತಿಗೆ ಬಕೆಟ್ಟಿನ ಬುಡ ಬರೆದೆ.