ತಾರೆಯ ಬೆನ್ನು

ರಾಜಗೋಪಾಲರು ಭೋಜರಾಜ ಆಚಾರಿಯನ್ನು ಒಂದು ಮಾತೂ ಕೇಳಲಿಲ್ಲ. ನೇರವಾಗಿ ಅವನ ಕಫೀಲನಿಗೆ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬ್ ಧಣಿಗೆ, ಫೋನ್ ಮಾಡಿ, ಇವನು ಕಳ್ಳ ಎಂದುಬಿಟ್ಟರು. ಕೊಲ್ಲಿ ನಾಡಿನ ವಾದಿ ಅದಾಯ್‌ನ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಹಿತ್ತಾಳೆ ತಿಕ್ಕಿ ಗಳಿಸಿದ ಹೆಸರು 1989ರ ಆ ಶುಕ್ರವಾರ ಮಣ್ಣುಪಾಲಾಯಿತು. "ನಾಳೆ ಪಾಸ್‌ಪೋರ್ಟ್ ತಗೋ, ಊರಿಗೆ ಹೋಗು" ಎಂದ ಕಫೀಲ್ ಮುಹಮ್ಮದ್.

ಭೋಜರಾಜನಿಗೆ ಸಿಟ್ಟು ನೆತ್ತಿಗೇರಿತು. ಅಲ್ ಖುವೈರಿನ ರಾಜಗೋಪಾಲರ ಫ್ಲ್ಯಾಟಿಗೇ ಬಂದ.

ಮೇಜಿನ ಮೇಲೆ ತಾರಾದೇವಿ ಬೆನ್ನು ತಿರುಗಿಸಿ ಕೂತಿದ್ದಳು. ಕಠ್ಮಂಡುವಿನಿಂದ ತಂದ ಹಳೆಯ ಬೌದ್ಧ ಮೂರ್ತಿ; ತಾಮ್ರವೇ ಹೆಚ್ಚಿರುವ ಕಂಚು, ಮೇಲೆ ಚಿನ್ನದ ಲೇಪ. ಬಲಗೈ ವರ ಕೊಡುತ್ತಿದೆ, ಎಡಗೈಯಲ್ಲಿ ಕಮಲದ ದಂಟು. ಕರೆದವರ ಬಳಿಗೆ ಎದ್ದು ಓಡುವವಳಂತೆ ಬಲಗಾಲನ್ನು ಪೀಠದಿಂದ ಕೆಳಗಿಳಿಸಿದ್ದಾಳೆ. ಊದಿನಕಡ್ಡಿಯ ಮಸಿ ತೆಗೆದುಕೊಡು ಎಂದು ವಾರದ ಹಿಂದೆ ರಾಜಗೋಪಾಲರೇ ಅವನಿಗೆ ಕೊಟ್ಟಿದ್ದರು; ಶುಚಿಯಾಗಿ ವಾಪಸ್ ಬಂದಿತ್ತು.

"ಮುಂದೆಲ್ಲ ಚಿನ್ನ, ಹಿಂದೆ ಬರೀ ಕಪ್ಪು. ಕೆರೆದಿದ್ದು ಎಲ್ಲಿಟ್ಟಿದ್ದೀಯಪ್ಪ?" ಎಂದರು ರಾಜಗೋಪಾಲರು.

"ಕೆರೆಯಲಿಕ್ಕೆ ಅಲ್ಲಿ ಚಿನ್ನ ಇದ್ದರಲ್ಲವಾ ಸಾರ್? ಏಳು ವರ್ಷ ಶೋಕೇಸಲ್ಲಿ ಇಟ್ಟಿದ್ದೀರಿ. ಒಂದು ದಿನ ಬೆನ್ನು ನೋಡಿದ್ದೀರಾ?"

ಕಾರ್ಕಳದಲ್ಲಿ ತನ್ನ ಅಪ್ಪನದೂ ಇದೇ ಚಿನ್ನದ ಲೇಪದ ಕೆಲಸ ಎಂದು ಭೋಜರಾಜ ವಿವರಿಸಿದ. ಚಿನ್ನವನ್ನು ಪಾದರಸದಲ್ಲಿ ಅರೆದು, ದೇವರ ಪ್ರಭಾವಳಿಗೆ ಬಳಿದು ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹೊಗೆ ಕುಡಿದೇ ಅಪ್ಪನ ಕೈಗೆ ನಡುಕ ಹತ್ತಿತ್ತು. ಗೋಡೆಗೆ ತಾಗಿ ನಿಲ್ಲುವ ಬೆನ್ನಿಗಾಗಿ ಯಾರು ಚಿನ್ನವನ್ನೂ ಆಯುಷ್ಯವನ್ನೂ ಸುಡುತ್ತಾರೆ? ಈ ಮೂರ್ತಿ ಮಾಡಿದ ನೇಪಾಳದ ಕೆಲಸಗಾರನೂ ಸುಟ್ಟಿರಲಿಲ್ಲ.

"ಈ ಕತೆಯೆಲ್ಲ ಬೇಡ" ಎಂದರು ರಾಜಗೋಪಾಲರು.

ಭೋಜರಾಜ ಅವರ ಹೆಂಡತಿ ಲಲಿತಮ್ಮನ ಕಡೆ ತಿರುಗಿದ. "ಅಮ್ಮಾ, ನಿಮ್ಮ ದೇವರ ಮುಂದಿನ ತಾಮ್ರದ ಚೊಂಬು ತನ್ನಿ."

ಲಲಿತಮ್ಮ ತಂದು ಮೂರ್ತಿಯ ಪಕ್ಕಕ್ಕಿಟ್ಟರು. ಎರಡನ್ನೂ ನೋಡಿದವರೇ ಗಂಡನನ್ನು ತರಾಟೆಗೆ ತೆಗೆದುಕೊಂಡರು. "ರೀ, ನಿನ್ನೆ ಹುಣಸೆಹಣ್ಣಲ್ಲಿ ಉಜ್ಜಿದ್ದು ಇದು, ಹೇಗೆ ಕೆಂಪಗಿದೆ ನೋಡಿ. ಮೂರ್ತಿ ಕೆರೆದಿದ್ರೆ ಅದೂ ಹೀಗೇ ಇರ್ತಿತ್ತು. ಒಂದು ವಾರದಲ್ಲಿ ಇಷ್ಟು ಕಪ್ಪು ಕಟ್ಟುತ್ತಾ? ನಮ್ಮಜ್ಜಿ ಹುಟ್ಟೋ ಮೊದಲಿನ ಕಪ್ಪು ಇದು!"

ರಾಜಗೋಪಾಲರು ಕನ್ನಡಕ ಒರೆಸಿಕೊಂಡರು. "ಸರಿ ಬಿಡಪ್ಪ, ಖಲಾಸ್. ಕಾಫಿ ಕುಡಿ. ಕಫೀಲನಿಗೆ ನಿಧಾನವಾಗಿ ಹೇಳ್ತೀನಿ."

"ಕಳ್ಳ ಅನ್ನಲಿಕ್ಕೆ ನಿಧಾನ ಮಾಡಿದಿರಾ? ಈಗಲೇ ಮಾಡಿ, ನನ್ನ ಎದುರೇ."

ಲಲಿತಮ್ಮ ಫೋನನ್ನು ಗಂಡನ ಮುಂದಕ್ಕೆ ತಳ್ಳಿದರು. ರಾಜಗೋಪಾಲರು ನಂಬರು ತಿರುಗಿಸಿ, ತಪ್ಪು ತನ್ನದೇ ಎಂದು ಗಂಟಲೊಳಗೇ ಗೊಣಗಿದರು.

"ಗಟ್ಟಿ ಹೇಳಿ ಸಾರ್," ಎಂದ ಭೋಜರಾಜ, ನಿಂತಲ್ಲಿಂದ ಕದಲದೆ. "ಆಗ ಕಳ್ಳ ಅಂದಿರಲ್ಲ, ಅಷ್ಟೇ ಗಟ್ಟಿ."