ಓರಗಿತ್ತಿಯ ಮನೆಯ ಕೆಂಪು ಗಿಡ

ಮಂಡ್ಯದ ನಮ್ಮ ಮನೆಯಲ್ಲಿ ಅಡುಗೆಮನೆ ಪಕ್ಕಕ್ಕೆ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ ಇದೆ. ಮೊದಲು ಅಲ್ಲಿ ರಾಗಿ ಮೂಟೆ, ತೆಂಗಿನಕಾಯಿ ಇಡುತ್ತಿದ್ದೆವು. ಈಗ ನನ್ನ ಸೊಳ್ಳೆ ತಿನ್ನುವ ಗಿಡವಿದೆ. ಹಲಗೆಯ ಕೆಳಗೆ ಎಲ್‌ಇಡಿ ಟ್ಯೂಬು ಕಟ್ಟಿ, ಗೋಡೆಗೆ ಚಪಾತಿ ಸುತ್ತುವ ಬೆಳ್ಳಿ ಹಾಳೆ ಅಂಟಿಸಿದ್ದೇನೆ. ಬೆಳಿಗ್ಗೆ ಹಾಲು ಒಲೆಗಿಟ್ಟು ದೀಪ ಹಾಕಿದರೆ, ರಾತ್ರಿ ಪಾತ್ರೆ ತೊಳೆದ ಮೇಲೆ ಆರಿಸುವುದು. ಮಹಡಿ ಮೇಲೆ ಇಡಬಹುದಿತ್ತು. ಆದರೆ ಬೇಸಿಗೆಯ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಬಾಡುತ್ತದೆ. ಕಬ್ಬು ಅರೆಯುವ ಕಾಲ ಬಂತೆಂದರೆ ಆಲೆಮನೆಯ ಕಪ್ಪು ಬೂದಿ ಹಾರಿ ಬಂದು ಎಲೆಯ ಅಂಟಿಗೆ ಮೆತ್ತಿಕೊಳ್ಳುತ್ತದೆ.

ಅಂಟು ಅಂದೆನಲ್ಲ, ಈ ಗಿಡದ ಬಾಯಿ ಅದೇ. ಉದ್ದನೆಯ ಎಲೆಯ ತುಂಬ ಕೆಂಪು ಕೂದಲು, ಒಂದೊಂದು ಕೂದಲ ತುದಿಗೂ ಇಬ್ಬನಿಯಂಥ ಹನಿ. ಸೊಳ್ಳೆ ಕೂತರೆ ಏಳಲಾರದು. ಸಂಜೆಯ ಹೊತ್ತಿಗೆ ಎಲೆ ಅದರ ಮೇಲೆ ಮೆಲ್ಲಗೆ ಮಡಚಿಕೊಂಡಿರುತ್ತದೆ. ಕೋಣೆಯೊಳಗೆ ಸೊಳ್ಳೆ ಕಡಿಮೆ, ಹಾಗಾಗಿ ಬ್ಯಾಟಿನಲ್ಲಿ ಹೊಡೆದದ್ದನ್ನು ಪೊರಕೆ ಕಡ್ಡಿಯಿಂದ ಎತ್ತಿ ನಾನೇ ಇಡುತ್ತೇನೆ. ಅದಕ್ಕೆ ಮಣ್ಣು ಆಗದು, ಒಣಗಿಸಿದ ಹಾವಸೆಯೇ, ಅಂದರೆ ಪಾಚಿಯೇ, ಹಾಸಿಗೆ. ಬೋರಿನ ನೀರೂ ಆಗದು. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರೇ ಬೇಕು. ಗೊಬ್ಬರವಂತೂ ವಿಷ. ಬೇರಿಗೆ ಸಾರ ಸಿಗದ ಜಾಗದಲ್ಲಿ ಹುಟ್ಟಿದ ಗಿಡ, ಅದಕ್ಕೇ ಹುಳುವಿನ ಮೇಲೆ ಬದುಕುವುದನ್ನು ಕಲಿತಿದೆ.

ಇದನ್ನೆಲ್ಲ ನಮ್ಮತ್ತೆಗೆ ವಿವರಿಸಿದಾಗ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

"ಅಲ್ಲ ಕಣವ್ವಾ, ಮಣ್ಣಿಲ್ಲ, ಗೊಬ್ರ ಇಲ್ಲ, ಕರೆಂಟ್ ಬೆಳಕು, ಮ್ಯಾಕೆ ಸೊಳ್ಳೆ ಊಟ. ಇದೂ ಒಂದ್ ಬಾಳಾ?"

ಅತ್ತೆಯ ತವರು ಬಂಡೂರು. ಕುರಿಯ ನಡುವೆ ಬೆಳೆದವರು. ನಮ್ಮಲ್ಲಿ ಒಂದಷ್ಟು ದಿನ, ಮಳವಳ್ಳಿಯಲ್ಲಿರುವ ಮೈದುನನ ಮನೆಯಲ್ಲಿ ಒಂದಷ್ಟು ದಿನ ಇರುತ್ತಾರೆ. ನಮ್ಮಲ್ಲಿದ್ದಾಗ ಆ ಕೋಣೆಯ ಕಡೆ ಮುಖ ಹಾಕಿದ್ದನ್ನು ನಾನು ಕಂಡಿಲ್ಲ. ಹೋಗಲಿ, ವಯಸ್ಸಾದವರಿಗೆ ಇದೆಲ್ಲ ಹಿಡಿಸದು ಅಂದುಕೊಂಡಿದ್ದೆ.

ಹೋದ ವರ್ಷ ಓರಗಿತ್ತಿ ಬಂದವಳು, "ಅಕ್ಕಾ, ನಂಗೂ ಒಂದ್ ಮರಿ ಕೊಡಕ್ಕಾ" ಅಂದಳು. ತಾಯಿಗಿಡದ ಬುಡದಲ್ಲಿದ್ದ ಮರಿಗಳಲ್ಲಿ ಬಡಕಲಾಗಿದ್ದ ಒಂದನ್ನು ಬಿಡಿಸಿ ಕೊಟ್ಟೆ. ಹಳೆಯ ಶೋಕೇಸಿನೊಳಗೆ ಒಂದು ಬಲ್ಬು ಹಾಕಿ ಇಡುತ್ತಾಳಂತೆ. ಬದುಕುವುದಿಲ್ಲ ಬಿಡು ಅಂತ ಒಳಗೊಳಗೇ ಅಂದುಕೊಂಡೆ.

ಬದುಕಿತು. ಅತ್ತೆ ಈ ಸಲ ಮಳವಳ್ಳಿಗೆ ಹೋದ ಮೇಲೆ ಒಂದು ಸಂಜೆ ಓರಗಿತ್ತಿಯ ವಿಡಿಯೊ ಕಾಲ್ ಬಂತು. ಶೋಕೇಸಿನೊಳಗೆ ಗಿಡ ದಾಸವಾಳದ ಕೆಂಪು, ಎಲೆಯೆಲೆಯಲ್ಲೂ ಹನಿ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದರು ನಮ್ಮತ್ತೆ. ಕೈಯಲ್ಲಿ ಸೊಳ್ಳೆ ಬ್ಯಾಟು!

"ಅತ್ತೆ ಈಗ ಟೀವಿ ಹಾಕೋದೇ ಇಲ್ಲ ಅಕ್ಕಾ. ಇದ್ರ ಮುಂದೇ ಕೂತಿರ್ತಾರೆ" ಅಂದಳು ಓರಗಿತ್ತಿ.

ನನ್ನ ಗಿಡ ಆ ಹೊತ್ತಿಗೆ ನೆಲ ಕಚ್ಚಿತ್ತು. ಅತ್ತೆ ಹೊರಟ ವಾರದಲ್ಲೇ ಎಲೆಯ ಹನಿ ಆರಿತು, ತುದಿ ಕಂದಿತು, ಆಮೇಲೆ ನಡುವೆಯೇ ಕಪ್ಪಾಗತೊಡಗಿತು. ನೀರು ಬದಲಿಸಿದೆ, ಟ್ಯೂಬು ಬದಲಿಸಿದೆ. ಅದು ಇಳಿಯುತ್ತಲೇ ಹೋಯಿತು. ನನ್ನದೇ ಗಿಡದ ಮರಿ, ಅದೂ ಬಡಕಲು ಮರಿ, ಅವಳ ಮನೆಯಲ್ಲಿ ಮೆರೆಯುತ್ತಿದೆ. ನನ್ನ ಗಿಡ ನೋಡಿ ನಕ್ಕ ಅತ್ತೆ ಅಲ್ಲಿ ಅದಕ್ಕೆ ಸೊಳ್ಳೆ ಹೊಡೆದು ಉಣ್ಣಿಸುತ್ತಿದ್ದಾರೆ. ಮದುವೆಯಾದ ಲಾಗಾಯ್ತು ಅವರ ಮುದ್ದೆಯ ಹದ ತಿಳಿದು ತಿರುವಿದವಳು ನಾನು. ಅವರು ಸ್ಟೂಲು ಹಾಕಿಕೊಂಡು ಕೂತದ್ದು ಎಲ್ಲಿ?

ಗೆಜ್ಜಲಗೆರೆಯ ಕೆಲಸ ಮುಗಿಸಿ ಬಂದ ನಮ್ಮ ಯಜಮಾನರು ನನ್ನ ಮುಖ ನೋಡಿ, "ನೀನ್ ಉರ್ಕೋತಿರೋದು ಗಿಡುಕ್ಕಾ, ನಮ್ಮವ್ವುಂಗಾ?" ಅಂದರು. ನಾನು ಸಾರು ಬಡಿಸಿದೆ.

ಭಾನುವಾರ ಆ ಕುಂಡವನ್ನೇ ಚೀಲದಲ್ಲಿಟ್ಟುಕೊಂಡು ಮಳವಳ್ಳಿಗೆ ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಿಸಿ, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಿಡಕ್ಕೆ ಏನಾಗಿದೆ ಅಂತ ಕೇಳಲು ಹೋಗುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಸ್ಟೂಲನ್ನು ಕಣ್ಣಾರೆ ನೋಡಬೇಕಿತ್ತು.

ಸ್ಟೂಲು ಅಲ್ಲೇ ಇತ್ತು, ಅತ್ತೆ ಅದರ ಮೇಲೇ ಇದ್ದರು. ಬ್ಯಾಟು ಪಕ್ಕಕ್ಕಿಟ್ಟು ನನ್ನ ಕುಂಡದೊಳಗೆ ಇಣುಕಿದರು. ಮುಖ ಸಣ್ಣದಾಯಿತು.

"ಅಯ್ಯೋ ಸಿವ್ನೆ, ಅಷ್ಟ್ ಗೊಬ್ರ ಉಯ್ದ್ರೂ ಏಳ್ನಿಲ್ವಾ ಇದು?"

ನಾನು ಕುಂಡ ಕೆಳಗಿಟ್ಟೆ. "ಯಾವ ಗೊಬ್ರ ಅತ್ತೆ?"

"ಕುರಿ ಗೊಬ್ರ ಕಣವ್ವಾ, ಬಂಡೂರಿಂದ ತಂದಿದ್ನಲ್ಲ. ಇಲ್ಲಿಗ್ ಬರೋ ಇಂದ್ಲ ದಿನ ಪುಡಿ ಮಾಡಿ, ನೀರಲ್ ಕದಡಿ, ಟೀ ಸೋಸೋದ್ರಲ್ ಸೋಸಿ ಉಯ್ದೆ. ನೀನು ಸಂತೆಗ್ ಓಗಿದ್ದೆ."

ಆಗ ನೆನಪಾಯಿತು. ಅವರು ಹೊರಟ ದಿನ ಟೀ ಸೋಸುವ ಜಾಲರಿ ಹಿತ್ತಲ ಗೋಡೆಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು. ಇದ್ಯಾಕೆ ಇಲ್ಲಿದೆ ಅಂತ ತೊಳೆದು ಒಳಗಿಟ್ಟಿದ್ದೆ. ಅದರಲ್ಲೇ ಎಷ್ಟು ಟೀ ಸೋಸಿದ್ದೇನೋ.

"ಅದುಕ್ಕೆ ಗೊಬ್ರ ಆಗಲ್ಲ ಅಂತ ಹೇಳಿದ್ನಲ್ಲ ಅತ್ತೆ!"

"ನೀನ್ ಏಳ್ದೆ. ಗೊಬ್ರ ಬ್ಯಾಡ ಅನ್ನೋ ಗಿಡ ಯಾವ್ದದೆ ಲೋಕದಲ್ಲಿ? ನೀನ್ ದಿನಾ ಕಡ್ಡಿ ಇಡ್ಕಂಡು ಅದ್ರ ಮುಂದೆ ಕುಕ್ಕರ್ಸಿರೋದ ಬಾಗ್ಲ ಸಂದಿಲಿ ನೋಡ್ತಿದ್ದೆ. ಪಾಪ, ಇಷ್ಟ್ ಆಸೆ ಮಡಿಕಂಡವ್ಳೆ, ಸೊಂಪಾಗ್ ಬರ್ಲಿ ಅಂತ ಆಕ್ದೆ."

ಓರಗಿತ್ತಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನನ್ ಗಿಡುಕ್ ಏನ್ ಆಕುದ್ರಿ ಅತ್ತೆ?"

"ನಿಂದುಕ್ ಯಾಕವ್ವಾ? ಚೆನ್ನಾಗೇ ಅದಲ್ಲ."

"ಒಂದ್ ಇಡಿನೂ ಇಲ್ವಾ?"

"ಇದ್ದುದ್ದೇ ಒಂದ್ ಸಣ್ ಚೀಲ. ಎಲ್ಲಾನೂ ಅವಳ್ದುಕ್ ಆಕ್ಬುಟ್ಟೆ."

ಅವಳು ಲೋಟವನ್ನು ಟಕ್ಕನೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ನಾನು ಆ ಸಪ್ಪೆ ಕಾಫಿಯನ್ನು ನಿಧಾನವಾಗಿ, ಒಂದು ತೊಟ್ಟೂ ಬಿಡದೆ ಕುಡಿದೆ. ಸತ್ತ ಗಿಡ ಎದುರಿಗೇ ಇತ್ತು. ಅದನ್ನು ನೋಡಿ ಅಳು ಬರಬೇಕಿತ್ತು, ಬರಲಿಲ್ಲ.

ಹೊರಡುವಾಗ ಓರಗಿತ್ತಿ ಶೋಕೇಸು ತೆಗೆದು ಗಿಡದ ಬುಡ ತಡಕಿದಳು. ಅವಳ ಗಿಡವೂ ಮರಿ ಹಾಕಿತ್ತು, ಒಂದಲ್ಲ, ಹಲವು.

"ಬೆಳಿಗ್ಗೆ ಎದ್ದು ಅವ್ರಿಗೆ ಬಿಸ್ನೀರ್ ಕಾಯ್ಸೋಳು ನಾನು" ಅಂದಳು, ನನ್ನ ಕಡೆ ನೋಡದೆ. "ಗೊಬ್ರ ಮಾತ್ರ ನಿಮ್ ಗಿಡುಕ್ಕೆ."

"ಅದು ಸತ್ತೋಯ್ತಲ್ಲೇ!"

"ಸತ್ರೆ ಸಾಯ್ಲಿ ಬುಡಕ್ಕಾ. ಆಕಿದ್ದು ನಿಮ್ದುಕ್ ತಾನೆ?"

ಕೊನೆಗೆ ಒಂದು ಮರಿಯನ್ನು ಬಿಡಿಸಿ, ಒದ್ದೆ ಹಾವಸೆಯಲ್ಲಿ ಸುತ್ತಿ ನನ್ನ ಅಂಗೈ ಮೇಲಿಟ್ಟಳು. ಇದ್ದವುಗಳಲ್ಲೆಲ್ಲ ಬಡಕಲು ಮರಿ. ಬೇರೆ ಕೊಡು ಅಂತ ನಾನು ಕೇಳಲಿಲ್ಲ.

ಅದೀಗ ಟ್ಯೂಬಿನ ಕೆಳಗೆ ಚಿಗುರುತ್ತಿದೆ. ಹಳೆಯ ಕುಂಡದ ಹಾವಸೆಯನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದೆ. ಮುಂದಿನ ಸಲ ಅತ್ತೆ ಬರುವ ಹೊತ್ತಿಗೆ ಕೋಣೆಯ ಬಾಗಿಲಿಗೆ ಬೀಗ ಹಾಕಬೇಕೆಂದುಕೊಂಡು ಒಂದನ್ನು ಕೊಂಡೂ ತಂದಿದ್ದೇನೆ. ಜೊತೆಗೆ ಒಂದು ಸ್ಟೂಲನ್ನೂ ತಂದೆ, ಮಳವಳ್ಳಿಯದಕ್ಕಿಂತ ಸ್ವಲ್ಪ ಅಗಲದ್ದು.