ಅಜ್ಜ ಓದಿದ ಇಂಗ್ಲಿಷ್ ಕಾಗದ

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಆ ದಿನಗಳಲ್ಲಿ ಇಂಗ್ಲಿಷ್ ಓದುವ ಹುಡುಗನೆಂದರೆ ನಮ್ಮ ಕಡೆ ಊರಿಗೆ ಊರೇ ಬೆರಗಾಗುತ್ತಿತ್ತು. ನಾನು ಹೊಸದುರ್ಗದ ಸೀಮೆಯ ಕುರಿಗಾರರ ಮನೆಯವನು. ಚಿತ್ರದುರ್ಗದಲ್ಲಿ ಮಠದ ಊಟ ಉಂಡು ಸ್ಕೂಲಿಗೆ ಹೋಗುತ್ತಿದ್ದೆ. ಪಠ್ಯಪುಸ್ತಕವನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದೆ, ಜಂಬವೂ ಅಷ್ಟೇ ಇತ್ತು. ಇಂಗ್ಲಿಷ್ ಮೇಷ್ಟ್ರಿಗೆ ಅದು ಸಾಲದು. ಶನಿವಾರ ಬಂತೆಂದರೆ ‘ಗೊತ್ತಿಲ್ಲದ ಪಾಠ’ ಕೊಡುತ್ತಿದ್ದರು. ಔಷಧದ ಸೀಸೆ ಸುತ್ತಿಕೊಂಡು ಬಂದ ಯಾವುದೋ ಪತ್ರಿಕೆಯ ಹಾಳೆ; ಅದರಿಂದ ಕರ್ಪೂರದ ವಾಸನೆ ಇನ್ನೂ ಹೋಗಿರುತ್ತಿರಲಿಲ್ಲ.

“ಹೇಳ್ತಿರೋನು ಯಾರು? ಯಾರಿಗೆ ಹೇಳ್ತಿದಾನೆ? ಅವನಿಗೆ ಏನು ಬೇಕು? ಪದದ ಅರ್ಥ ಆಮೇಲೆ,” ಎನ್ನುತ್ತಿದ್ದರು.

ನನಗೆ ಇದೆಲ್ಲ ಸುಮ್ಮನೆ ಹೊತ್ತು ಕಳೆಯುವ ಕೆಲಸ ಅನ್ನಿಸುತ್ತಿತ್ತು. ಪದ ಗೊತ್ತಿದ್ದರೆ ಮುಗಿಯಿತಲ್ಲ!

ಆ ವರ್ಷ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಎಲ್ಲರೂ ಒಂದು ಕಾಗದಕ್ಕಾಗಿ ಕಾಯುತ್ತಿದ್ದರು. ಕಟ್ಟೆಯ ನೀರು ನಿಂತರೆ ನಮ್ಮ ಕುರಿರೊಪ್ಪ, ಮೇವಿನ ಬಯಲು ಎರಡೂ ಮುಳುಗುತ್ತಿದ್ದವು. ಬದಲಿಗೆ ಪಕ್ಕದ ಗುಡ್ಡದ ಬಯಲನ್ನೇ ಕೊಡಬೇಕೆಂದು ಅಜ್ಜ ಅರ್ಜಿ ಹಾಕಿಸಿದ್ದ.

ನಾನು ಸಜ್ಜೆ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಳ್ಳುತ್ತಿದ್ದಾಗ ಸರ್ಕಾರಿ ಕಚೇರಿಯ ಜವಾನ ಬಂದ.

“ಬರ್ರಿ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ,” ಎಂದ ಅಜ್ಜ.

“ಬ್ಯಾಡ ಯಜಮಾನ್ರೇ, ಇನ್ನೂ ನಾಕು ಊರು ಸುತ್ತೋದೈತೆ.” ಕಾಗದ ಕೊಟ್ಟವನೇ ಹೊರಟುಹೋದ.

ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಎದ್ದು ನಿಂತು ಓದಿದೆ. ಮೊದಲಲ್ಲೇ, ಅರ್ಜಿಯನ್ನು ಬಹಳ ಗಮನವಿಟ್ಟು ನೋಡಿದ್ದೇವೆ ಎಂದಿತ್ತು. ಕೊನೆಯಲ್ಲಿ, ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಸಾಹೇಬರ ರುಜು. ನಡುವಿನ ನಾಲ್ಕು ಸಾಲು ನನ್ನ ತಲೆಗೆ ಹತ್ತಲಿಲ್ಲ. ಹಾರಿಸಿಬಿಟ್ಟೆ.

“ಅಜ್ಜಾ, ಬಯಲು ನಮ್ದೇ! ಸಾಹೇಬ್ರು ನಿನ್ ಸೇವಕ ಅಂತ ಬರ್ದವ್ರೆ!”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜ ನನ್ನ ತಲೆ ಸವರಿ, “ಚೆಂದಾಗಿ ಓದಿದ್ಯಪ್ಪ,” ಎಂದ. ಅಷ್ಟೇ.

ರಜೆ ಮುಗಿಸಿ ಹೋದ ಮೇಲೆ, ಮೆರೆಯೋಣವೆಂದು, ನಾನೇ ಬರೆದುಕೊಂಡು ಬಂದಿದ್ದ ಆ ಕಾಗದದ ನಕಲನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು.

“ಯಾವ ಸರ್ಕಾರಿ ಕಾಗದ ಆದ್ರೂ ಹೀಗೇ ಮುಗಿಯೋದು ಕಣೋ, ಗಲ್ಲಿಗೆ ಹಾಕ್ತೀವಿ ಅನ್ನೋದಾದ್ರೂ. ಬರೆದೋನಿಗೆ ಏನು ಬೇಕು, ನಡುವೆ ನೋಡು. ಗುಡ್ಡದ ಬಯಲು ಕೊಡೋಕಾಗಲ್ಲ. ಹಿರಿಯೂರಿನ ಆಚೆ ಬೇರೆ ಜಾಗ ಇದೆ, ಬೇಕಿದ್ರೆ ಈ ತಿಂಗಳೊಳಗೆ ಬಂದು ಒಪ್ಪಿಕೋ, ಇಲ್ಲದಿದ್ರೆ ಅದೂ ಬೇರೆಯವರಿಗೆ.”

ತಿಂಗಳು ಮುಗಿಯಲು ಉಳಿದದ್ದು ಎರಡೇ ದಿನ. ಅರ್ಧ ದಾರಿ ಗಾಡಿಯಲ್ಲಿ, ಅರ್ಧ ದಾರಿ ಓಡುತ್ತಾ ಅಳುತ್ತಾ ಊರು ಸೇರಿದೆ. ರೊಪ್ಪದ ಮುಳ್ಳುಬೇಲಿ ಕಿತ್ತುಹಾಕಿದ್ದರು. ಒಂದು ಕುರಿಯೂ ಇಲ್ಲ, ಹಿಕ್ಕೆಯ ವಾಸನೆ ಮಾತ್ರ ಉಳಿದಿತ್ತು. ಅಜ್ಜ ಕಂಬಳಿ ಸುತ್ತುತ್ತಿದ್ದ. ನಾನು ತೊದಲುತ್ತಾ ನನ್ನ ತಪ್ಪನ್ನೆಲ್ಲ ಹೇಳಿಕೊಂಡೆ.

“ಗೊತ್ತು ಬಿಡ್ಲೇ. ಆ ಜವಾನ ಮಜ್ಜಿಗೆ ಮುಟ್ಟಲಿಲ್ಲ, ನನ್ ಮಕಾನೂ ನೋಡಲಿಲ್ಲ. ಒಳ್ಳೇ ಸುದ್ದಿ ತಂದೋನು ಹಂಗೆ ಹೋಗ್ತಾನಾ? ನೀನು ಹೋದ ಮಾರನೇ ದಿನಾನೇ ಕಚೇರಿಗೆ ಹೋಗಿ ಕೇಳ್ದೆ. ಹಿರಿಯೂರು ಕಡೆ ಜಾಗ ಒಪ್ಕಂಡೆ, ಕುರಿ ಹೊಡ್ಸಿದೀನಿ.”

“ನಾನು ಓದಿದಾಗ್ಲೇ ಯಾಕೆ ಹೇಳಲಿಲ್ಲ?”

“ನಿಮ್ಮವ್ವ ನಿನ್ನೇ ನೋಡ್ತಿದ್ಲು. ನಿನ್ ಮಕ ಅಷ್ಟು ಹಿಗ್ಗಿತ್ತು. ಏನಂತ ಹೇಳ್ಲಪ್ಪ?”

ಆ ರೊಪ್ಪದ ಮೇಲೆ ಈಗ ನೀರು ನಿಂತಿದೆ. ಅಜ್ಜ ಹೊಸ ಜಾಗದಲ್ಲಿ ಎರಡು ಮಳೆಗಾಲ ಮಾತ್ರ ಬದುಕಿದ. ನಾನೂ ಇಂಗ್ಲಿಷ್ ಮೇಷ್ಟ್ರಾಗಿ, ಎಷ್ಟೋ ಮಕ್ಕಳಿಗೆ ಗೊತ್ತಿಲ್ಲದ ಪಾಠ ಕೊಟ್ಟು, ಅವೇ ಮೂರು ಪ್ರಶ್ನೆ ಕೇಳಿ, ತಪ್ಪಿದವರನ್ನು ಎಲ್ಲರೆದುರೇ ಗದರಿದ್ದೇನೆ. ನಾನು ತಪ್ಪು ಓದುವಾಗ ನನ್ನ ಮುಖ ನೋಡಿ ಸುಮ್ಮನಾದವನು ಅಜ್ಜನೊಬ್ಬನೇ. ಅವನಷ್ಟು ಓದು ನನಗೆ ಬರಲೇ ಇಲ್ಲ.